ಎಡಿಟರ್‌ನ ಶಾರ್ಟ್‌ಕಟ್‌ಗಳನ್ನು ನನ್ನ ಕೈಗೆ ಒಗ್ಗಿಸಿಕೊಂಡದ್ದು

ಒಂದು ಪ್ರಾಜೆಕ್ಟಿನ ಕೊನೆಯ ದಿನಗಳಲ್ಲಿ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಟೈಪ್ ಮಾಡಿದ್ದಕ್ಕಿಂತ ಮೌಸ್ ಹಿಡಿದದ್ದೇ ಹೆಚ್ಚಾಯಿತೇನೋ ಅನ್ನಿಸಿ, ಒಂದು ವಾರ ಪಕ್ಕದಲ್ಲಿ ಹಾಳೆ ಇಟ್ಟುಕೊಂಡೆ. ಮೌಸ್ ಮುಟ್ಟಿದಾಗಲೆಲ್ಲ ಯಾತಕ್ಕೆ ಮುಟ್ಟಿದೆ ಎಂದು ಒಂದು ಗೆರೆ. ಫೈಲ್ ಹುಡುಕುವುದಕ್ಕೇ ಹೆಚ್ಚು ಗೆರೆ ಬೀಳುತ್ತದೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಕೋಡಿನಿಂದ ಟರ್ಮಿನಲ್‌ಗೆ (ಕಮಾಂಡ್‌ಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಜಾಗಕ್ಕೆ) ಹೋಗುವುದು, ಅಲ್ಲಿಂದ ಕೋಡಿಗೆ ವಾಪಸ್ ಬರುವುದು, ಹಾಳೆಯ ಅರ್ಧಕ್ಕಿಂತ ಹೆಚ್ಚು ಇದೇ ತುಂಬಿತ್ತು.

ನಾನು ಬಳಸುವುದು ವಿಎಸ್ ಕೋಡ್ ಎಂಬ, ಕೋಡ್ ಬರೆಯುವ ಎಡಿಟರ್. ಇಲ್ಲಿ ಹೇಳುತ್ತಿರುವುದು ವಿಂಡೋಸ್ ಮತ್ತು ಲಿನಕ್ಸ್‌ನ ಕೀಗಳು. ಮ್ಯಾಕ್‌ನಲ್ಲಿ ಬಹುತೇಕ ಕಡೆ ಕಂಟ್ರೋಲ್ ಬದಲು ಕಮಾಂಡ್ ಕೀ. ಟರ್ಮಿನಲ್‌ಗೆ ಮೊದಲೇ ಒಂದು ಶಾರ್ಟ್‌ಕಟ್ ಇದೆ: ಕಂಟ್ರೋಲ್ ಜೊತೆ ಬ್ಯಾಕ್‌ಟಿಕ್ (` ಚಿಹ್ನೆಯ ಕೀ). ಒತ್ತಿದರೆ ಟರ್ಮಿನಲ್ ತೆರೆದು ಕರ್ಸರ್ ಅದರೊಳಗೆ ಹೋಗುತ್ತದೆ. ಅಲ್ಲೇ ಇನ್ನೊಮ್ಮೆ ಒತ್ತಿದರೆ ಟರ್ಮಿನಲ್ ಮುಚ್ಚಿಕೊಳ್ಳುತ್ತದೆ. ನನಗೆ ಹೊಂದದೆ ಇದ್ದದ್ದು ಇದೇ. ಟರ್ಮಿನಲ್‌ನಲ್ಲಿ ಓಡಿಸಿದ ಟೆಸ್ಟ್ ಏನು ಹೇಳಿತು ಎಂದು ಕಣ್ಣೆದುರು ಇರುವಾಗಲೇ ಕೋಡ್ ತಿದ್ದಬೇಕು. ಟರ್ಮಿನಲ್ ಉಳಿಯಬೇಕು, ಕರ್ಸರ್ ಮಾತ್ರ ವಾಪಸ್ ಬರಬೇಕು. ಅದಕ್ಕಾಗಿಯೇ ಪ್ರತಿ ಸಲ ಮೌಸ್.

ಕಂಟ್ರೋಲ್+ಕೆ ಒತ್ತಿ, ಆಮೇಲೆ ಕಂಟ್ರೋಲ್+ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪೂರ್ತಿ ಪಟ್ಟಿ ತೆರೆಯುತ್ತದೆ. ಯಾವ ಕೆಲಸ, ಯಾವ ಕೀ ಎಂಬುದರ ಜೊತೆಗೆ 'ವೆನ್' ಎಂಬ ಇನ್ನೊಂದು ಕಾಲಂ ಇದೆ. ವರ್ಷಗಟ್ಟಲೆ ಅದನ್ನು ಓದದೆ ದಾಟಿಹೋಗಿದ್ದೆ. ಗುಟ್ಟೆಲ್ಲ ಇರುವುದು ಅದರಲ್ಲೇ. ಈ ಕೀ ಯಾವ ಸಂದರ್ಭದಲ್ಲಿ ಕೆಲಸ ಮಾಡಬೇಕು ಎನ್ನುವ ಷರತ್ತು ಅದು. ಷರತ್ತು ಬೇರೆಯಾದರೆ ಒಂದೇ ಕೀ ಎರಡು ಬೇರೆ ಕೆಲಸ ಮಾಡಬಲ್ಲದು.

ಇದು ಹೊಳೆದ ಮೇಲೆ, ನಮ್ಮದೇ ಶಾರ್ಟ್‌ಕಟ್ ನಿಯಮ ಬರೆದಿಡುವ ಕೀಬೈಂಡಿಂಗ್ಸ್ ಡಾಟ್ ಜೇಸನ್ ಫೈಲ್ ತೆರೆದೆ. ಪಟ್ಟಿಯ ಮೇಲ್ಭಾಗದ ಬಲಮೂಲೆಯ ಐಕಾನ್ ಒತ್ತಿದರೆ ಅದು ಸಿಗುತ್ತದೆ. ಅದರಲ್ಲಿ ಕಂಟ್ರೋಲ್+ಬ್ಯಾಕ್‌ಟಿಕ್‌ಗೇ ಎರಡು ನಿಯಮ ಬರೆದೆ. ಮೊದಲನೆಯದು 'ಟರ್ಮಿನಲ್ ಫೋಕಸ್' ಕಮಾಂಡ್. ಷರತ್ತು, ಕರ್ಸರ್ ಟರ್ಮಿನಲ್‌ನಲ್ಲಿ ಇಲ್ಲದಿದ್ದಾಗ. ಷರತ್ತಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ 'ಇಲ್ಲದಿದ್ದಾಗ' ಎಂದರ್ಥ. ಎರಡನೆಯದು 'ಫೋಕಸ್ ಆಕ್ಟಿವ್ ಎಡಿಟರ್ ಗ್ರೂಪ್'. ಷರತ್ತು, ಕರ್ಸರ್ ಟರ್ಮಿನಲ್‌ನಲ್ಲಿ ಇದ್ದಾಗ. ಸೇವ್ ಮಾಡಿ ಒತ್ತಿದೆ, ಹೋಯಿತು. ಮತ್ತೆ ಒತ್ತಿದೆ, ಬಂತು. ಟರ್ಮಿನಲ್ ಕದಲಲಿಲ್ಲ. ಸುಮ್ಮನೆ ಹತ್ತಿಪ್ಪತ್ತು ಸಲ ಹೋಗಿ ಬಂದೆ, ಅಷ್ಟು ಖುಷಿಯಾಗಿತ್ತು.

ಆ ಉತ್ಸಾಹದಲ್ಲೇ ಒಂದು ತಪ್ಪನ್ನೂ ಮಾಡಿದೆ. ಶೆಲ್‌ನಲ್ಲಿ (ಟರ್ಮಿನಲ್‌ನೊಳಗೆ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಕಂಟ್ರೋಲ್+ಕೆ ಒತ್ತಿದರೆ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಯುತ್ತದೆ. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಎಡಿಟರ್‌ನಲ್ಲೂ ಹಾಗೇ ಇರಲಿ ಎಂದು ಆ ಕೀಯನ್ನು 'ಡಿಲೀಟ್ ಆಲ್ ರೈಟ್' ಕಮಾಂಡ್‌ಗೆ ಕಟ್ಟಿದೆ. ಮರುದಿನ ನಾಲ್ಕು ಸಾಲುಗಳನ್ನು ಕಾಮೆಂಟ್ ಮಾಡಲು, ಅಂದರೆ ಓಡದ ಟಿಪ್ಪಣಿಯಾಗಿಸಲು, ಕಂಟ್ರೋಲ್+ಕೆ, ಕಂಟ್ರೋಲ್+ಸಿ ಒತ್ತಿದೆ. ಸೆಲೆಕ್ಟ್ ಮಾಡಿದ್ದ ನಾಲ್ಕೂ ಸಾಲು ಮಾಯ. ಅಂಡೂ ಮಾಡಿ ಮತ್ತೆ ಒತ್ತಿದೆ, ಮತ್ತೆ ಮಾಯ. ಶಾರ್ಟ್‌ಕಟ್ ಪಟ್ಟಿ ನೋಡೋಣವೆಂದರೆ ಅದನ್ನು ತೆರೆಯುವ ಜೋಡಿ ಕೀಯೂ ಕಂಟ್ರೋಲ್+ಕೆಯಿಂದಲೇ ಶುರುವಾಗುವುದು! ಕೊನೆಗೆ ಕಂಟ್ರೋಲ್+ಶಿಫ್ಟ್+ಪಿ ಒತ್ತಿ, ಕಮಾಂಡ್ ಪ್ಯಾಲೆಟ್‌ನಲ್ಲಿ ಹೆಸರು ಟೈಪ್ ಮಾಡಿ ಒಳಗೆ ಹೋದೆ.

ಕಾರಣ ಸರಳ. ಎಡಿಟರ್ ನಿಯಮಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತದೆ. ಕೀ ಮತ್ತು ಷರತ್ತು ಎರಡೂ ಹೊಂದುವ ಮೊದಲ ನಿಯಮ ಸಿಕ್ಕಿದಲ್ಲಿಗೆ ನಿಲ್ಲುತ್ತದೆ. ನಾವು ಬರೆದ ನಿಯಮಗಳು ಮೂಲ ನಿಯಮಗಳ ಕೆಳಗೆ ಸೇರುವುದರಿಂದ ಗೆಲ್ಲುವುದು ನಮ್ಮದೇ. ನನ್ನ ಒಂಟಿ ಕಂಟ್ರೋಲ್+ಕೆ ಮೊದಲು ಸಿಕ್ಕಿಬಿಟ್ಟಿತು, ಎರಡನೆಯ ಕೀಗೆ ಕಾಯುವ ಪ್ರಶ್ನೆಯೇ ಬರಲಿಲ್ಲ. ಕಂಟ್ರೋಲ್+ಕೆಯಿಂದ ಶುರುವಾಗುವ ಜೋಡಿ ಕೀಗಳು ಹತ್ತಾರಿವೆ. ಕೋಡ್ ಬರೆಯುವ ಜಾಗದಲ್ಲಿ ಅವೆಲ್ಲ ಒಂದೇ ಏಟಿಗೆ ಕೆಲಸ ನಿಲ್ಲಿಸಿದ್ದವು. ಅಳಿಸುವ ಕೆಲಸವನ್ನು ಆಲ್ಟ್+ಕೆಗೆ ವರ್ಗಾಯಿಸಿದೆ. ಆಲ್ಟ್ ಆರಿಸುವಾಗಲೂ ಎಚ್ಚರ ಬೇಕು: ಎಫ್, ಇ, ವಿ ಮುಂತಾದ ಅಕ್ಷರಗಳೊಂದಿಗೆ ಅದು ಮೇಲಿನ ಮೆನುಗಳನ್ನು ತೆರೆಯುತ್ತದೆ.

ಅಂದಿನಿಂದ ಹೊಸ ಕೀ ಕಟ್ಟುವ ಮುನ್ನ ಪಟ್ಟಿಯ ಹುಡುಕು ಪೆಟ್ಟಿಗೆಯಲ್ಲಿ ಆ ಕೀಯನ್ನೇ ಹುಡುಕುತ್ತೇನೆ. ಪಕ್ಕದಲ್ಲಿರುವ ಕೀಬೋರ್ಡ್ ಐಕಾನ್ ಒತ್ತಿ ಬೇಕಾದ ಕೀಯನ್ನು ನೇರ ಒತ್ತಿದರೆ ಸಾಕು, ಅದನ್ನು ಈಗಾಗಲೇ ಯಾರು ಹಿಡಿದಿದ್ದಾರೆ ಎಂದು ತೋರಿಸುತ್ತದೆ. ಒಮ್ಮೆ ಒಂದು ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಹಾಕಿಕೊಂಡ ಮೇಲೆ ನಾನು ದಿನವೂ ಬಳಸುವ ಕೀಯೊಂದು ಬೇರೇನೋ ಮಾಡತೊಡಗಿತು. ಆಗ ನೆರವಿಗೆ ಬಂದದ್ದು ಕಮಾಂಡ್ ಪ್ಯಾಲೆಟ್‌ನ 'ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್'. ಅದನ್ನು ಆನ್ ಮಾಡಿ ಕೀ ಒತ್ತಿದರೆ ಯಾವ ಕಮಾಂಡ್‌ಗೆ ಹೋಯಿತು ಎಂದು ಔಟ್‌ಪುಟ್‌ನಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಕಮಾಂಡ್ ಹೆಸರು ಗೊತ್ತಾದ ಮೇಲೆ ಅದರ ಮುಂದೆ ಮೈನಸ್ ಚಿಹ್ನೆ ಹಾಕಿ ಒಂದು ನಿಯಮ ಬರೆದೆ. ಎಕ್ಸ್‌ಟೆನ್ಷನ್ ಹಾಗೇ ಉಳಿಯಿತು, ಆ ಕೀಯ ಮೇಲಿನ ಹಿಡಿತ ಮಾತ್ರ ಬಿಟ್ಟಿತು. ಕೀ ಒತ್ತಿದರೂ ಅಲ್ಲಿ ಒಂದು ಸಾಲೂ ಮೂಡದಿದ್ದರೆ, ಎಡಿಟರ್‌ಗೆ ತಲುಪುವ ಮುನ್ನವೇ ಆಪರೇಟಿಂಗ್ ಸಿಸ್ಟಂ ಅದನ್ನು ತೆಗೆದುಕೊಂಡಿದೆ ಎಂದು ನಾನು ಮೊದಲು ಅನುಮಾನಿಸುತ್ತೇನೆ.

ಎಲ್ಲ ಕೀಗಳನ್ನೂ ಬದಲಿಸಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಲ್ಟ್ ಜೊತೆ ಬಾಣದ ಕೀ ಒತ್ತಿ ಸಾಲನ್ನು ಮೇಲೆ ಕೆಳಗೆ ಸರಿಸುವುದು, ಕಂಟ್ರೋಲ್+ಡಿ ಒತ್ತಿ ಅದೇ ಪದ ಮುಂದೆಲ್ಲಿದೆಯೋ ಅದನ್ನೂ ಹಿಡಿಯುವುದು, ಎಫ್2 ಒತ್ತಿ ಹೆಸರು ಬದಲಿಸುವುದು, ಇವನ್ನು ಇದ್ದಂತೆಯೇ ಕಲಿತೆ. ಸಹೋದ್ಯೋಗಿಯ ಕಂಪ್ಯೂಟರ್ ಮುಂದೆ ಕೂತಾಗಲೂ ಕೈ ತಡವರಿಸಬಾರದಲ್ಲ.

ಈಗ ನನ್ನ ಫೈಲಿನಲ್ಲಿ 11 ನಿಯಮಗಳಿವೆ. ಅದರಲ್ಲಿ ಕಾಮೆಂಟ್ ಬರೆಯಲು ಅವಕಾಶವಿರುವುದರಿಂದ ಪ್ರತಿಯೊಂದರ ಮೇಲೂ ಯಾಕೆ ಹಾಕಿದೆ ಎಂದು ಒಂದು ಸಾಲು ಬರೆದಿಟ್ಟಿದ್ದೇನೆ. ಆಲ್ಟ್+ಕೆ ಮೇಲಿನ ಸಾಲು ಇದು: 'ಕಂಟ್ರೋಲ್+ಕೆಗೆ ಕಟ್ಟಬೇಡ, ಜೋಡಿ ಕೀಗಳು ಸಾಯುತ್ತವೆ.'