ಬೋನಾಳ ಕೆರೆ, ಟೇಲರ್ ಮಂಜಿಲ್, ವಾಗಣಗೇರಾ: ನನ್ನ ಓಟದ ದಾರಿಗಳು

ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ಇರುವ ಬೋನಾಳ ಕೆರೆಗೆ ಪೂರ್ತಿ ಒಂದು ಸುತ್ತು ಓಡಬೇಕು ಅನ್ನೋದು ನನ್ನ ಮೊದಲ ಆಸೆಯಾಗಿತ್ತು. ಮೊಬೈಲಿನ ನಕ್ಷೆ ನೋಡಿದರೆ ನೀಲಿ ಬಣ್ಣದ ಕೆರೆ, ಅದರ ಸುತ್ತ ದಾರಿ ಇದ್ದ ಹಾಗೇ ಕಾಣುತ್ತಿತ್ತು. ಒಂದು ಅಕ್ಟೋಬರ್ ಬೆಳಗ್ಗೆ ನಾದಿನಿಯನ್ನು ಸ್ಕೂಟಿ ಸಮೇತ ಏರಿಯ ಹತ್ತಿರ ನಿಲ್ಲಿಸಿ ಹೊರಟೆ. ಏರಿ ಮುಗಿಯಿತು. ಗರಸಿನ ದಾರಿ ಮುಗಿಯಿತು. ಆಮೇಲೆ ಭತ್ತದ ಗದ್ದೆಯ ಬದು ಬಂತು, ಅದು ದಾಟಿದರೆ ಜೊಂಡು, ಜೊಂಡಿನ ಪಕ್ಕ ಬರೀ ಎರೆಮಣ್ಣಿನ ಕೆಸರು. ಮೊಣಕಾಲವರೆಗೆ ಹೂತುಹೋದೆ. ಒಂದು ಶೂ ಕೆಸರಲ್ಲೇ ಉಳಿಯಿತು. ಅದನ್ನು ಕೈಹಾಕಿ ಎಳೆದುಕೊಂಡು, ಬಂದ ದಾರಿಯಲ್ಲೇ ಬರಿಗಾಲಲ್ಲಿ ನಡೆದು ಬಂದೆ. ಅವತ್ತು ಶಾಲೆಗೆ ತಡವಾಯಿತು.

"ವೈನಿ, ಕೆರಿ ಅಂದ್ರ ಗ್ರೌಂಡ್ ಏನ್ರಿ, ಸುತ್ತ ಹೊಡೀಲಿಕ್ಕೆ?" ಅಂದಳು ನಾದಿನಿ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕೆರೆಗೆ ಕಟ್ಟಿದ ಕಡೆ ಇರೋದು ಏರಿಯೊಂದೇ. ಉಳಿದ ಕಡೆ ದಂಡೆ ಎಲ್ಲಿ ಅನ್ನೋದು ನೀರಿಗೆ ಬಿಟ್ಟಿದ್ದು. ಮಳೆ ಜಾಸ್ತಿ ಆದ ವರ್ಷ ಅದು ಹೊಲದ ಒಳಗೆ ಬರುತ್ತದೆ, ಮೇ ತಿಂಗಳಲ್ಲಿ ದೂರ ಹಿಂದೆ ಸರಿಯುತ್ತದೆ. ಹೀಗೆ ಜಾಗ ಬದಲಿಸುವ ದಂಡೆಗೆ ನಾನು ಒಂದೇ ದಾರಿ ಹುಡುಕುತ್ತಿದ್ದೆ. ಸುತ್ತು ಹಾಕುವ ಹಟ ಬಿಟ್ಟು, ಹೋಗಿ ಬರುವ ದಾರಿ ಮಾಡಿಕೊಂಡ ಮೇಲೆ ನನ್ನ ಓಟ ಸರಿಹೋಯಿತು. ಈಗ ಮೂರು ವರ್ಷ ಆಯಿತು.

ನಾನು ಸುರಪುರದಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ವಯಸ್ಸು 39. ಬೋನಾಳ ನಮ್ಮೂರಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿವರೆಗೆ ಸ್ಕೂಟಿಯಲ್ಲಿ ಹೋಗುತ್ತೇವೆ. ನಾನು ಓಡುತ್ತೇನೆ, ನಾದಿನಿ ಸ್ವಲ್ಪ ಹಿಂದೆ ನಿಧಾನವಾಗಿ ಗಾಡಿ ಹೊಡೆಯುತ್ತಾಳೆ. ನೀರು ಅವಳ ಹತ್ತಿರ ಇರುತ್ತದೆ. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಬೆಳಕು ಹರಿಯುವ ಹೊತ್ತಿಗೆ ಓಡುತ್ತಾಳೆ ಅಂದರೆ ಜನ ನಿಂತು ನೋಡುತ್ತಾರೆ. ಮೊದಲ ವಾರ ಒಬ್ಬ ಅಜ್ಜಿ ಗಾಬರಿಯಾಗಿ ಕೂಗಿದರು: "ಯಾಕವ್ವಾ ತಂಗಿ, ಯಾರರೆ ಬೆನ್ನ ಹತ್ಯಾರೇನು?" ನಿಂತು ವಿಷಯ ಹೇಳಿದೆ. ಮರುದಿನದಿಂದ ಅವರೇ ಬೇರೆಯವರಿಗೆ ಹೇಳತೊಡಗಿದರು, ಸಾಲಿ ಟೀಚರು, ಓಡ್ತಾರ ಅಂತ. ಹೊಸ ಊರಲ್ಲಿ ಓಡುವ ಹೆಣ್ಣುಮಕ್ಕಳಿಗೆ ನನ್ನ ಸಲಹೆ ಇದು: ಮೊದಲ ನಾಲ್ಕು ದಿನ ಓಡಬೇಡಿ, ಅದೇ ದಾರಿಯಲ್ಲಿ ನಡೆಯಿರಿ, ಜನರನ್ನು ಮಾತಾಡಿಸಿ.

ಕೆರೆ ದಾರಿ ಹೀಗಿದೆ. ಏರಿಯ ಒಂದು ತುದಿಯಿಂದ ಶುರು ಮಾಡಿ, ಇನ್ನೊಂದು ತುದಿ ದಾಟಿ, ಗರಸಿನ ದಾರಿಯಲ್ಲಿ ಒಂದು ಬೇವಿನ ಮರದ ತನಕ ಹೋಗಿ ಹೊಳ್ಳುತ್ತೇನೆ. ಜಾಸ್ತಿ ಓಡಬೇಕು ಅಂದರೆ ಅದನ್ನೇ ಎರಡು ಸಲ. ಬೇವಿನ ಮರದ ಆಚೆ ಚಳಿಗಾಲದಲ್ಲಿ ಹೋಗೋದಿಲ್ಲ. ಅದಕ್ಕೆ ಕಾರಣ ಬಾತುಗಳು.

ಬೋನಾಳಕ್ಕೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿವರೆಗೆ ಹಾರಿ ಬರುವ ಹಕ್ಕಿ. ಮೊದಲ ವರ್ಷ ನನಗೆ ಇದರ ಬೆಲೆ ಗೊತ್ತಿರಲಿಲ್ಲ. ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ನೀರಿನ ಅಂಚಿಗೇ ಓಡಿದೆ. ಮೊದಲು ಟಿಟ್ಟಿಭ ಹಕ್ಕಿ ಕೂಗಿತು. ಮರುಕ್ಷಣ ಇಡೀ ಹಿಂಡು ಎದ್ದು ಕೆರೆಯ ಆ ಕಡೆ ಹೋಯಿತು. ನನಗೆ ಅದು ಚಂದ ಕಂಡಿತು, ನಿಂತು ಫೋಟೊ ತೆಗೆದೆ. ಬಲೆ ಬಿಡಿಸುತ್ತ ಕೂತಿದ್ದ ಒಬ್ಬರು ಕಾಕಾ ಹತ್ತಿರ ಕರೆದರು. "ತಂಗೀ, ಅವು ಎಷ್ಟ ದೂರದಿಂದ ಬಂದಾವ. ಕೂಡ್ಲಿಕ್ಕರೆ ಬಿಡವ್ವಾ" ಅಂದರು. ಸಿಟ್ಟಿನಿಂದ ಅಂದಿದ್ದಲ್ಲ. ಅದಕ್ಕೇ ಇನ್ನೂ ಜಾಸ್ತಿ ನಾಟಿತು. ವಾಪಸ್ ಹಾರುವುದಕ್ಕೆ ಅವು ಇಲ್ಲಿ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ನಾನು ಒಂದು ಸಲ ಎಬ್ಬಿಸಿದರೆ ಅಷ್ಟು ಮೇವು ವ್ಯರ್ಥ.

ಅಂದಿನಿಂದ ಟಿಟ್ಟಿಭವೇ ನನಗೆ ಗುರುತು. ಅದು ನೆಲದ ಮೇಲೆ ಸುಮ್ನೆ ನಡೆದಾಡುತ್ತಿದ್ದರೆ ನಾನು ಸರಿಯಾದ ದೂರದಲ್ಲಿದ್ದೇನೆ. ನಿಂತು ತಲೆ ಎತ್ತಿದರೆ ಓಟ ನಿಲ್ಲಿಸಿ ನಡೆಯುತ್ತೇನೆ. ಕೂಗಿದರೆ ಹಿಂದೆ ಹೊಳ್ಳುತ್ತೇನೆ. ಬಟ್ಟೆ ಮಣ್ಣಿನ ಬಣ್ಣದ್ದೇ. ಹಾಡು ಹಾಕೋದಿಲ್ಲ. ಸ್ಕೂಟಿ ಏರಿಯ ಮೇಲೆ ಬರೋದಿಲ್ಲ, ಕೆಳಗಿನ ದಾರಿಯಲ್ಲೇ ಇರುತ್ತದೆ.

ಇನ್ನು ಕಾಲಿನ ಮಾತು. ನಮ್ಮಲ್ಲಿ ಕಲ್ಲಿಗಿಂತ ಬಳ್ಳಾರಿ ಜಾಲಿಯ ಮುಳ್ಳಿಗೆ ಹೆದರಬೇಕು. ಮೆತ್ತನೆ ಅಡಿಯ ಹೊಸ ಶೂ ಕೊಂಡ ಎರಡನೇ ವಾರವೇ ಮುಳ್ಳು ಅಡಿಯಿಂದ ನೇರ ಹಿಮ್ಮಡಿಗೆ ಹೊಕ್ಕಿತು. ಮೂರು ವಾರ ಓಟ ಬಂದ್. ಈಗ ಗಟ್ಟಿ ಅಡಿಯ ಶೂ, ಒಳಗೆ ಇನ್ನೊಂದು ದಪ್ಪ ಸೋಲ್. ಚಿಮಟ ನಾದಿನಿಯ ಚೀಲದಲ್ಲಿ ಸದಾ ಇರುತ್ತದೆ. ಮಳೆ ಬಿದ್ದರೆ ಎರೆಮಣ್ಣು ಹಿಗ್ಗಿ, ಅಂಟಾಗಿ, ಹೆಜ್ಜೆಗೊಂದು ಪದರ ಶೂಗೆ ಹತ್ತಿಕೊಳ್ಳುತ್ತದೆ. ಮೊಣಕಾಲು ತಿರುಚೋದು ಆಗಲೇ. ಎರಡು ದಿನ ಚೆನ್ನಾಗಿ ಬಿಸಿಲು ಬೀಳುವ ತನಕ ಆ ದಾರಿ ಹಿಡಿಯಬೇಡಿ. ಕುರಿ ಹಿಂಡು ಎದುರಾದರೆ ಓಡಬೇಡಿ, ನಡೆಯಿರಿ. ಕಾವಲು ನಾಯಿಗೆ ಓಡುವವರೆಲ್ಲ ಕಳ್ಳರೇ. ಕುರಿ ಕಾಯುವವರಿಗೆ ದೂರದಿಂದಲೇ "ಅಣ್ಣಾ, ನಾಯಿ ಹಿಡೀರಿ" ಅಂದರೆ ಸಾಕು. ಹೊಟ್ಟೆಗೆ ಓಟದ ಮೊದಲು ಒಂದು ತುಂಡು ಬೆಲ್ಲ, ಒಂದು ಹಿಡಿ ಶೇಂಗಾ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ರೊಟ್ಟಿ. ಬೇರೆ ಏನೂ ಬೇಕಾಗಿಲ್ಲ.

ಮಳೆಗಾಲದಲ್ಲಿ ಕೆರೆ ದಾರಿ ಬಿಟ್ಟು ಊರಲ್ಲೇ ಗುಡ್ಡ ಹತ್ತುತ್ತೇನೆ. ಸುರಪುರದ ಸುತ್ತ ಬಂಡೆಗಲ್ಲಿನ ಗುಡ್ಡಗಳು. ಒಂದರ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದಾಗ ಕಟ್ಟಿಸಿದ ಬಂಗಲೆ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಆಗ ಸಣ್ಣ ಹುಡುಗ, ಆಡಳಿತ ಟೇಲರ್ ಕೈಯಲ್ಲಿತ್ತು. ಹುಡುಗ ಅವರನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸಿಕ್ಕಿಬಿದ್ದು, ಅದೇ ವರ್ಷ ಮೇ ತಿಂಗಳಲ್ಲಿ, ಬಂದಿಯಾಗಿ ಸಾಗಿಸುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಈ ಏರಿನಲ್ಲಿ ಉಸಿರು ಕಟ್ಟಿ ನಿಂತಾಗ ಕೆಳಗೆ ಊರು ಕಾಣುತ್ತದೆ. ಪ್ರತಿ ಸಲ ಆ ಹುಡುಗನ ನೆನಪಾಗುತ್ತದೆ. ಬೋನಾಳ ಕೆರೆಗೂ ಇದೇ ಕಥೆಯ ನಂಟಿದೆ. ನಾಯಕರ ಕಾಲದ ಕೆರೆಯನ್ನು ಟೇಲರ್ ದುರಸ್ತಿ ಮಾಡಿಸಿ ದೊಡ್ಡದು ಮಾಡಿಸಿದರು.

ಗುಡ್ಡ ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಮೊಣಕಾಲಿಗೆ ಪೆಟ್ಟು ಬೀಳೋದು ಇಳಿಜಾರಲ್ಲಿ.

ಬೇಸಿಗೆಗೆ ನನ್ನ ಇಷ್ಟದ ದಾರಿ ವಾಗಣಗೇರಾ. ದೂರ ಕಮ್ಮಿ, ಬಿಸಿಲು ಏರುವ ಮೊದಲು ಮುಗಿಸಬಹುದು. ಔರಂಗಜೇಬ್ ಕೊನೆಯದಾಗಿ ತಾನೇ ನಿಂತು ಮುತ್ತಿಗೆ ಹಾಕಿದ ಕೋಟೆ ಇದು. 1705ರ ಫೆಬ್ರವರಿಯಲ್ಲಿ ಬಂದ, ವಯಸ್ಸು 86. ಇಲ್ಲಿನ ದೊರೆ ಪಿಡ್ಡನಾಯಕರ ಬೇಡರ ಪಡೆ ಏಪ್ರಿಲ್ ಕೊನೆಯ ತನಕ ತಡೆದು ನಿಲ್ಲಿಸಿತು. ಕೊನೆಗೆ ಮೊಘಲರು ಒಳಗೆ ಹೋದಾಗ ಪಿಡ್ಡನಾಯಕ ತಪ್ಪಿಸಿಕೊಂಡು ಹೋಗಿದ್ದ. ಬಾದಶಹ ಅಲ್ಲಿಂದ ಕೃಷ್ಣೆಯ ಹತ್ತಿರದ ದೇವಾಪುರಕ್ಕೆ ಹೋಗಿ, ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ಅಲ್ಲೇ ಉಳಿದ. ಇದನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಹೇಳಿದ್ದೆ. ಒಂದು ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಅಂತ ತಡವಾಗಿ ಹೊರಟು, ಒಂಬತ್ತೂವರೆಗೆ ಆ ಬಂಡೆಗಳ ನಡುವೆ ಸಿಕ್ಕಿಕೊಂಡೆ. ನೀರು ಮುಗಿದಿತ್ತು. ಕಾಲಡಿಯ ಕಲ್ಲೇ ಕಾದು ಶಾಖ ಹೊಡೆಯುತ್ತಿತ್ತು. ಮೈ ಬೆವರೋದು ನಿಂತು ತಲೆ ತಿರುಗಿತು. ನೆರಳಲ್ಲಿ ಕೂತು, ನಾದಿನಿ ನೀರು ತರುವ ತನಕ ಕಾದೆ. ಕೋಟೆ ಹೊರಗೆ ಬಯಲಲ್ಲಿ ಡೇರೆ ಹಾಕಿದ ಸೈನ್ಯ ಈ ಬಿಸಿಲಲ್ಲಿ ಏನು ಪಟ್ಟಿರಬೇಕು, ಒಳಗಿನವರಿಗೆ ಈ ನೆಲ ಎಷ್ಟು ಗೊತ್ತಿದ್ದಿರಬೇಕು ಅಂತ ಅವತ್ತು ಮೈಗೆ ತಿಳಿಯಿತು. ಈಗ ಏಪ್ರಿಲ್, ಮೇನಲ್ಲಿ ಐದೂವರೆಗೆ ಶುರು, ಏಳಕ್ಕೆ ಮನೆ. ಎರಡು ಲೀಟರ್ ನೀರು ಇಲ್ಲದೆ ಹೊರಡೋದೇ ಇಲ್ಲ.

ರಾಜನಕೋಳೂರಿನ ದೊಡ್ಡ ಚಪ್ಪಡಿಕಲ್ಲಿನ ಶಿಲಾಸಮಾಧಿಗಳ ಕಡೆಗೂ ಒಮ್ಮೆ ಓಡಬೇಕು ಅಂತಿದೆ. ಅವುಗಳ ಬಗ್ಗೆ ಮೊದಲು ಬರೆದವರೂ ಟೇಲರ್ ಅವರೇ. ಅದು ದೂರದ ದಾರಿ, ಇನ್ನೂ ತಯಾರಿ ಆಗಿಲ್ಲ.

ಈ ಮಾರ್ಚ್‌ನಲ್ಲಿ ಬಾತುಗಳು ಹೋದ ಮೇಲೆ ಬೇವಿನ ಮರ ದಾಟಿ ಓಡಲು ಶುರು ಮಾಡಿದ್ದೆವು. ನಾದಿನಿಯೂ ಈಗ ಗಾಡಿ ನಿಲ್ಲಿಸಿ ಜೊತೆಗೆ ಓಡುತ್ತಾಳೆ. ಹತ್ತು ದಿನ ಆಗಿತ್ತು. ಒಂದು ಬೆಳಗ್ಗೆ ಟಿಟ್ಟಿಭ ಜೋಡಿ ತಲೆ ಮೇಲೇ ಎರಗಿ ಬಂತು. ನಿಂತು ನೋಡಿದರೆ, ದಾರಿ ಅಂಚಿನ ಗರಸಿನಲ್ಲಿ ನಾಲ್ಕು ಮೊಟ್ಟೆ. ಗೂಡೇ ಇಲ್ಲ, ಬರೀ ಕಲ್ಲಿನ ಹಾಗೇ ಚುಕ್ಕೆ ಚುಕ್ಕೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆ. "ವೈನಿ, ಹೊಳ್ಳೋಣ್ರಿ" ಅಂದಳು ನಾದಿನಿ. ಮರಿ ಹೊರಬರಲು ನಾಲ್ಕು ವಾರ ಬೇಕು. ಈಗ ಮತ್ತೆ ಬೇವಿನ ಮರದ ಹತ್ತಿರವೇ ಹೊಳ್ಳುತ್ತಿದ್ದೇವೆ.