ಆದಾಯ ಕೇಳಬೇಡಿ, ಚೀಲ ಕೇಳಿ

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೆಕ್ಕೆಜೋಳ ಬೆಳೆಯುವ ಮನೆಗಳ ಸಮೀಕ್ಷೆ ಮಾಡಬೇಕಿದೆ ಎನ್ನಿ. ಪ್ರಶ್ನೆ ಬರೆಯುವ ಮೊದಲೇ, ವರದಿಗೆ ಯಾವ ಯಾವ ಕೋಷ್ಟಕ ಬೇಕೆಂದು ಗೆರೆ ಎಳೆದು ಖಾಲಿ ಬಿಟ್ಟುಕೊಳ್ಳಿ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಯನ್ನು ಹೊಡೆದುಹಾಕಿ. ಅರ್ಧ ಗಂಟೆ ದಾಟಿದರೆ ಉತ್ತರ ಹೇಳುವವರ ಮನಸ್ಸು ಕೊಟ್ಟಿಗೆಯ ಕಡೆ ಹೋಗಿರುತ್ತದೆ.

ಹೆಚ್ಚಾಗಿ ಎಡವುವುದು ‘ವರ್ಷಕ್ಕೆ ಆದಾಯ ಎಷ್ಟು?’ ಎಂಬಲ್ಲಿ. ಒಕ್ಕಲು ಮನೆಯಲ್ಲಿ ಆ ಲೆಕ್ಕ ಒಂದೇ ಅಂಕಿಯಾಗಿ ಇರುವುದಿಲ್ಲ. ಬಿಪಿಎಲ್ ಕಾರ್ಡ್ ಹೋದೀತೆಂಬ ಅಂಜಿಕೆ ಬೇರೆ. ಬಿಡಿಸಿ ಕೇಳಿ: ಎಷ್ಟು ಎಕರೆ, ಎಷ್ಟು ಗುಂಟೆ ಬಿತ್ತಿದಿರಿ? ಎಷ್ಟು ಚೀಲ ಆಯ್ತು? ಚೀಲಕ್ಕೆ ಎಷ್ಟು ಕೆಜಿ? ಮಾರಿದ್ದೆಷ್ಟು, ಕ್ವಿಂಟಲ್‌ಗೆ ಏನು ದರ ಸಿಕ್ಕಿತು? ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆಗೆ ಎಷ್ಟು ಹೋಯ್ತು? ಕೂಡಿ ಕಳೆಯುವುದು ನಿಮ್ಮ ಕೆಲಸ. ಚೀಲದ ತೂಕ ಕೇಳದೆ ಬಂದರೆ 50 ಕೆಜಿಯೋ 60 ಕೆಜಿಯೋ ತಿಳಿಯದೆ, 100 ಚೀಲಕ್ಕೆ 10 ಕ್ವಿಂಟಲ್ ಏರುಪೇರು. ಮಾರಾಟ ಮುಗಿದ ಡಿಸೆಂಬರ್, ಜನವರಿಯಲ್ಲೇ ಹೋಗಿ. ಮೇ ತಿಂಗಳಿಗೆ ನೆನಪು ಹೋಗಿ ಅಂದಾಜು ಉಳಿದಿರುತ್ತದೆ.

‘ನೀರು, ರಸ್ತೆ ಚೆನ್ನಾಗಿವೆಯಾ?’ ಎಂದರೆ ಎರಡು ಪ್ರಶ್ನೆ, ಬೇರೆ ಮಾಡಿ. ‘ದರ ಬಿದ್ದು ಕಷ್ಟ ಆಗಿದೆ ಅಲ್ವಾ?’ ಎಂದು ಕೇಳಿದರೆ ‘ಹೌದು’ ಬಿಟ್ಟು ಬೇರೆ ಉತ್ತರ ಬರದು.

ಮನೆ ಆರಿಸಲು ಮತದಾರರ ಪಟ್ಟಿಗಿಂತ ಪಂಚಾಯಿತಿಯ ಮನೆ ಕಂದಾಯದ ಪಟ್ಟಿ ಒಳ್ಳೆಯದು. ಆದರೆ ಊರಾಚೆಯ ಹಟ್ಟಿ, ತಾಂಡಾದ ಕೆಲವು ಗುಡಿಸಲು ಅದರಲ್ಲಿ ಇರದಿರಬಹುದು. ನಡೆದು ನೋಡಿ ಸೇರಿಸಿ. 1,200 ಮನೆಯಲ್ಲಿ 100 ಬೇಕಿದ್ದರೆ 1ರಿಂದ 12ರೊಳಗೆ ಒಂದು ಚೀಟಿ ಎತ್ತಿ, ಆ ಸಂಖ್ಯೆಯಿಂದ ಶುರುಮಾಡಿ ಪ್ರತಿ 12ನೇ ಮನೆಗೆ ಹೋಗಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ. ಹಾಗೆ ಮಾಡಿದರೆ ಬೆಂಗಳೂರಿಗೋ ಕಾಫಿ ತೋಟಕ್ಕೋ ದುಡಿಯಲು ಹೋದವರು ಲೆಕ್ಕದಿಂದಲೇ ಜಾರಿ, ಊರು ಇದ್ದದ್ದಕ್ಕಿಂತ ಅನುಕೂಲಸ್ಥವಾಗಿ ಕಾಣುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮತ್ತೆ ಹೋಗಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಿರಿ.

ಇಷ್ಟಕ್ಕೂ ಮುಂಚೆ, ಪಕ್ಕದ ಊರಿನ 10–15 ಮನೆಯಲ್ಲಿ ಪ್ರಶ್ನಾವಳಿಯನ್ನು ಓದಿ ನೋಡಿ. ಎರಡು ಸಲ ಹೇಳಬೇಕಾಗಿ ಬಂದ ಪ್ರಶ್ನೆಯನ್ನು ತಿದ್ದಿ. ಸಮೀಕ್ಷೆ ನಡೆಯುವಾಗ ಹತ್ತಕ್ಕೊಂದು ಮನೆಗೆ ಬೇರೆಯವರನ್ನು ಕಳಿಸಿ ಎಕರೆ, ಚೀಲ ಇವೆರಡನ್ನೇ ಮತ್ತೆ ಕೇಳಿಸಿ. ರೈತರೂ ದುಂಡು ಅಂಕಿ ಹೇಳುತ್ತಾರೆ ನಿಜ. ಆದರೆ ಸಮೀಕ್ಷೆಗೆ ಹೋದವರಲ್ಲಿ ಒಬ್ಬನೇ ತಂದ ಹಾಳೆಗಳಲ್ಲೆಲ್ಲ 10, 20, 50 ಎಂದೇ ಇದ್ದರೆ, ಅವು ಬೇವಿನ ಮರದ ನೆರಳಲ್ಲಿ ಕೂತು ತುಂಬಿದವಿರಬಹುದು.