ಒಂದೇ ಫೋಟೊ ಬೇರೆ ಬೇರೆ ಬಣ್ಣದಲ್ಲಿ ಕಂಡಾಗ

ಬಳಗದ ಎಲ್ಲರಿಗೂ ಶರಣು. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯ ಬಣ್ಣದ ಬಿಲ್ಲೆಗಳ ಫೋಟೊ ಒಂದು ತಂತ್ರಾಂಶದಲ್ಲಿ ಗಾಢವಾಗಿ ಕಂಡು, ಅದೇ ಕಂಪ್ಯೂಟರಿನ ಇನ್ನೊಂದರಲ್ಲಿ ಮಾಸಿದಂತೆ ಕಂಡರೆ, ಫೋಟೊ ಕೆಟ್ಟಿದೆಯೆಂದು ಮತ್ತೆ ತಿದ್ದಲು ಹೋಗಬೇಡಿರಿ. ಫೈಲಿನಲ್ಲಿರುವುದು ಕೆಂಪು, ಹಸಿರು, ನೀಲಿಗಳ ಅಂಕಿಗಳು. ಅವನ್ನು ಯಾವ ಅಳತೆಯಿಂದ ಓದಬೇಕೆಂದು ತಿಳಿಸುವುದು ಅದರೊಳಗಿನ ಕಲರ್ ಪ್ರೊಫೈಲ್. ಸಾಮಾನ್ಯ ಪರದೆಗಿಂತ ಹೆಚ್ಚು ಬಣ್ಣಗಳನ್ನು ಹಿಡಿಯುವ ಅಡೋಬ್ ಆರ್‌ಜಿಬಿ (1998) ಪ್ರೊಫೈಲಿನಲ್ಲಿ ಉಳಿಸಿದ ಫೋಟೊವನ್ನು, ಪ್ರೊಫೈಲನ್ನೇ ಗಮನಿಸದ ತಂತ್ರಾಂಶವು ಸಾಮಾನ್ಯ ಪರದೆಗೆ ಹಾಗೆಯೇ ಕಳುಹಿಸಿದಾಗ ಬಣ್ಣಗಳು, ಅದರಲ್ಲೂ ಹಸಿರಿನ ಛಾಯೆಗಳು, ಕಳೆಗುಂದುತ್ತವೆ.

ಆದ್ದರಿಂದ ಹಂಚುವ ಪ್ರತಿಯನ್ನು ಸಾಮಾನ್ಯ ಪರದೆಗಳ ಪ್ರೊಫೈಲಾದ ಎಸ್‌ಆರ್‌ಜಿಬಿಗೆ ‘ಕನ್ವರ್ಟ್’ ಮಾಡಿ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸಿ ಉಳಿಸಿರಿ. ‘ಅಸೈನ್’ ಎಂಬ ಇನ್ನೊಂದು ಆಯ್ಕೆಯು ಅಂಕಿಗಳನ್ನು ಮುಟ್ಟದೆ ಅಳತೆಯ ಹೆಸರನ್ನಷ್ಟೇ ಬದಲಿಸುವುದರಿಂದ ಬಣ್ಣವೇ ಬೇರೆಯಾಗಿಬಿಡುತ್ತದೆ. ನಾನೂ ಮೊದಮೊದಲು ಎಡವಿದ್ದು ಇಲ್ಲಿಯೇ.

ಪರದೆಯಿಂದ ಪರದೆಗೆ ಕಾಣುವ ವ್ಯತ್ಯಾಸ ಬೇರೆಯೇ ವಿಷಯ. ಬಿದರಿ ಹೂದಾನಿಯ ಕಪ್ಪು ನಿಮ್ಮ ಮಾನಿಟರಿನಲ್ಲಿ ಬೂದು ಬಣ್ಣವಾಗಿ, ಗಿರಾಕಿಯ ಮೊಬೈಲಿನಲ್ಲಿ ಕಡುಗಪ್ಪಾಗಿ ಕಾಣಬಹುದು, ಏಕೆಂದರೆ ಎಲ್‌ಸಿಡಿ ಪರದೆಯ ಹಿಂದಿನ ಬೆಳಕು ಕಪ್ಪು ಭಾಗದಲ್ಲಿಯೂ ತುಸು ಸೋರುತ್ತದೆ, ಒಎಲ್‌ಇಡಿ ಪರದೆಯಲ್ಲಿ ಆ ಭಾಗದ ಬೆಳಕಿನ ಬಿಂದುಗಳೇ ಆರಿರುತ್ತವೆ. ಬಣ್ಣ ತಿದ್ದುವ ಮುನ್ನ ರಾತ್ರಿಯ ಹಳದಿ ಬೆಳಕಿನ ಮೋಡ್ ಮತ್ತು ಬಣ್ಣವನ್ನು ಎದ್ದುಕಾಣಿಸುವ ‘ವಿವಿಡ್’ ಆಯ್ಕೆಗಳನ್ನು ಆಫ್ ಮಾಡಿ, ಮಾನಿಟರಿನ ಬಿಳಿಯ ಛಾಯೆಯನ್ನು (ಕಲರ್ ಟೆಂಪರೇಚರ್) 6500 ಕೆಲ್ವಿನ್‌ಗೆ ಇಟ್ಟುಕೊಳ್ಳಿರಿ. ಫೋಟೊ ತೋರಿಸಿ ವಸ್ತುವನ್ನು ಮಾರುವವರು, ಪರದೆಯ ಬಣ್ಣವನ್ನು ಅಳೆದು ಸರಿಹೊಂದಿಸುವ ಕ್ಯಾಲಿಬ್ರೇಶನ್ ಸಾಧನವನ್ನು ಒಂದು ದಿನಕ್ಕೆ ಎರವಲು ತಂದರೂ ಸಾಕು.